ಬೀಗವಿಲ್ಲದ ಫೋನು

ನನ್ನ ವಾರಗಿತ್ತಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಬೆಳ್ಳುಳ್ಳಿ ಬಿಡಿಸಿ, ಅರಿಸಿನದ ಗೆಡ್ಡೆಯ ಬೇರು ತರಿದು, ಆ ಬೆರಳಿನ ತುದಿ ಸವೆದ ನಾಣ್ಯದಂತೆ ನುಣ್ಣಗಾಗಿತ್ತು. ಉಗುರಿನ ಸುತ್ತಲಿನ ಹಳದಿ ಬಣ್ಣ ಮಾತ್ರ ವರ್ಷವಿಡೀ ಹೋಗುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಮಿಷನ್ನು ಅವಳನ್ನು ಯಾವತ್ತೂ ಮೊದಲ ಸಲಕ್ಕೆ ಒಪ್ಪಿದ್ದಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತುತ್ತಿದ್ದಳು. ಕಡೆಗೆ ಅಂಗಡಿಯವನೇ ನಕ್ಕು, "ಬೇರೆ ಬೆರಳು ಕೊಡಕ್ಕಾ" ಅನ್ನುತ್ತಿದ್ದ. ಊರೆಲ್ಲ ಗುರುತು ಹಿಡಿಯುತ್ತಿದ್ದ ಹೆಂಗಸನ್ನು 'ನೀನು ಯಾರೋ ನನಗೆ ಗೊತ್ತಿಲ್ಲ' ಅಂದದ್ದು ಆ ಮಿಷನ್ ಒಂದೇ. ನನಗಂತೂ ಅದರ ಮೇಲೆ ಒಳಗೊಳಗೇ ಪ್ರೀತಿಯಿತ್ತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಊರೂ ಅಕ್ಕ ಅನ್ನುತ್ತಿತ್ತು, ಅವಳಿಗಿಂತ ಹಿರಿಯರು ಕೂಡ. ಹೀಗೆ ಕಂಡಕಂಡವರೆಲ್ಲ ಅಕ್ಕ ಅನ್ನುವಾಗ, ಒಂದೇ ಮನೆಗೆ ಸೊಸೆಯಾಗಿ ಬಂದ ನನ್ನ ಪಾಲಿಗೆ ವಿಶೇಷವೇನೂ ಉಳಿಯುತ್ತಿರಲಿಲ್ಲ. ನನ್ನ ತವರು ಚಾಮರಾಜನಗರ. ಪಿಯುಸಿ ಓದಿದವಳು, ಹೊಲಿಗೆ ಕಲಿತವಳು. ಗಡಿಯಾಚೆ ತಮಿಳು ಸೀಮೆಗೆ ಸೇರಿದ ತಾಳವಾಡಿಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರಿಗೆ ಬಂದಾಗ, ರವಿಕೆಯ ಕತ್ತಿಗೆ ಹೊಸ ನಮೂನೆ ಇಡಬಲ್ಲವಳು ನಾನೊಬ್ಬಳೇ ಎಂಬ ಹಮ್ಮು ನನಗಿತ್ತು. ಆ ಹಮ್ಮು ಬಹಳ ದಿನ ಬಾಳಲಿಲ್ಲ. ಬಟ್ಟೆ ಅಳತೆಗೆ ಕೊಡಲು ಬಂದ ಹೆಂಗಸರು ನನ್ನ ಬಾಗಿಲಲ್ಲಿ ಬಟ್ಟೆ ಕೊಟ್ಟು, ಅಕ್ಕನ ಬಾಗಿಲಲ್ಲಿ ಕೂತು ಮಾತಾಡಿ ಹೋಗುತ್ತಿದ್ದರು.

ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಗೋಡೆ ಬಂತು. ಮುಂದಿನ ಜಗಲಿ ಮಾತ್ರ ಒಂದೇ ಉಳಿಯಿತು. ಹಿರಿಯವರ ಭಾಗಕ್ಕೆ ದೇವರ ಕೋಣೆ ಹೋಯಿತು. ಅದು ನಮ್ಮ ಕಡೆ ಪದ್ಧತಿ, ಅದಕ್ಕೆ ನಾನು ತಕರಾರು ಮಾಡುವಂತಿರಲಿಲ್ಲ. ಆದರೆ ಪದ್ಧತಿಯ ಬಾಲ ಉದ್ದ. ಮದುವೆಯ ಕರೆಯೋಲೆ ಕೊಡಲು ಬಂದವರು ಮೊದಲು ದೇವರ ಕೋಣೆ ಇರುವ ಮನೆಗೇ ಹೋಗಬೇಕು. ಚಾಪೆ ಹಾಸಿ ಅವರನ್ನು ಕೂರಿಸಿ, ನೀರು ಕೊಟ್ಟು, ಕರೆಯೋಲೆಯನ್ನು ವೀಳ್ಯದೆಲೆಯ ಜೊತೆ ತಟ್ಟೆಯಲ್ಲಿಟ್ಟು, ವಿಭೂತಿ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದ ಮೇಲೆ ಮನೆಯ ಹಿರೀ ಹೆಂಗಸು ಅದನ್ನು ತೆರೆಯಬೇಕು. ನಿಂತುಕೊಂಡು ತೆರೆಯುವಂತಿಲ್ಲ, ಬಂದ ಕರೆಯನ್ನು ತೆರೆಯದೆ ಬಿಡುವಂತೆಯೂ ಇಲ್ಲ. ಹೀಗಾಗಿ ಎರಡು ಮನೆಗೂ ಸೇರಿ ಕರೆಯೋಲೆ ತೆರೆಯುವ ಯೋಗ ಅಕ್ಕನದೇ ಆಯಿತು. ಯಾರ ಮದುವೆ, ಎಲ್ಲಿ ಮದುವೆ ಎಂದು ಅವಳು ಹೇಳಿದ ಮೇಲೆ ನಾನು ತಿಳಿಯಬೇಕು.

ನನಗೂ ಒಂದು ದಿನ ಬಂತು. ನನ್ನ ತಮ್ಮ ಚಾಮರಾಜನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪ್ರಪಂಚದಲ್ಲಿ ನನ್ನನ್ನು ಅಕ್ಕ ಅನ್ನುವವನು ಅವನೊಬ್ಬನೇ. ಅಂಗಡಿ ಚೆನ್ನಾಗಿ ನಡೆದ ವರ್ಷ ಅವನು ನನಗೊಂದು ದುಬಾರಿ ಫೋನು ತಂದುಕೊಟ್ಟ. ಗಾಜಿನ ಬೆನ್ನು, ಕೈಗೆ ತಣ್ಣಗೆ ತಗಲುವ ಅಂಚು. ಜಗಲಿಯಲ್ಲಿ ಎಲ್ಲರ ಮುಂದೆಯೇ ಡಬ್ಬಿ ಬಿಚ್ಚಲಿ ಎಂದು ಅವನಿಗೆ ಅಲ್ಲೇ ಕಾಫಿ ತಂದುಕೊಟ್ಟೆ.

"ಫೋನ್ನಲ್ಲಿ ಎರಡು ತರ ಕಣಕ್ಕ," ಅಂದ. "ಒಂದು ಬಯಲು. ಯಾವ ಕಂಪನಿಯವ್ರು ಬೇಕಾದ್ರೂ ಆ ತರ ಫೋನ್ ಮಾಡ್ಬೋದು. ಅದರೊಳಕ್ಕೆ ಯಾರು ಮಾಡಿದ ಆ್ಯಪ್ ಬೇಕಾದ್ರೂ ಆಕ್ಕೋಬೋದು, ಯಾರೋ ಕಳಿಸಿದ್ದೂ ಆಕ್ಕೋಬೋದು. ಇನ್ನೊಂದು ಗೇಟಿಂದು. ಫೋನ್ ಮಾಡೋರೂ ಅವ್ರೇ, ಅದರೊಳಗ ಏನ್ ಬರ್ಬೇಕು ಅಂತ ಯೋಳೋರೂ ಅವ್ರೇ. ಅವರು ನೋಡಿ ಒಪ್ಪಿದ್ದು ಮಾತ್ರ ಗೇಟ್ ದಾಟ್ತದ. ನಿನ್ಗ ಗೇಟಿಂದೇ ತಂದಿವ್ನಿ."

"ಅಂಗಾದ್ರ ನಂದು ಯಾವ್ದು ಮಗ?" ಅಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದಳು.

"ನಿಮ್ದು ಬಯಲು ಕಣಕ್ಕ."

ಅವನೂ ಅವಳನ್ನು ಅಕ್ಕ ಅಂದುಬಿಟ್ಟ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅವಳ ಫೋನನ್ನು ನೋಡಿದರೆ ಬಯಲು ಎಂಬ ಮಾತು ಸುಳ್ಳಲ್ಲ ಅನ್ನಿಸುತ್ತಿತ್ತು. ಅವಳ ಹಿರೀ ಮಗ ತಾಳವಾಡಿಯಲ್ಲಿ ಕೊಂಡುಕೊಟ್ಟದ್ದು. ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ಕರೆ ಮುಗಿದ ಕೂಡಲೇ ಯಾವುದೋ ಸೀರೆಯ ಜಾಹೀರಾತು ತಾನಾಗಿ ಹಾರಿ ಬರುತ್ತಿತ್ತು. ಕೆಲವು ಸಲ ಅಲ್ಲಾಡದೆ ಕೂತುಬಿಡುತ್ತಿತ್ತು, ಆಗ ಅವಳು ಅದನ್ನು ಅಂಗೈಗೆ ತಟ್ಟಿ ಎಬ್ಬಿಸಬೇಕಾಗುತ್ತಿತ್ತು. ಬೀಗವೆಂಬುದು ಇರಲೇ ಇಲ್ಲ. ಬೆರಳಿನ ಬೀಗ ಅವಳ ಬೆರಳಿಗೆ ಒಗ್ಗುವುದಿಲ್ಲ, ಅಂಕಿಯ ಬೀಗ ಬೇರೆಯವರಿಗೆ ತೊಂದರೆ ಎಂದು ಬೇಡವೆಂದಿದ್ದಳು. ಜಗಲಿಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಒಂದು ಗೂಡಿದೆ. ಫೋನು ಸದಾ ಅಲ್ಲೇ. ಯಾರು ಬೇಕಾದರೂ ಬಂದು ಎತ್ತಿಕೊಳ್ಳುತ್ತಿದ್ದರು. ಎದುರು ಮನೆಯ ಸೊಸೆ ತವರಿಗೆ ಮಾತಾಡುತ್ತಿದ್ದಳು. ಯಾರೋ ಕೋಸಿನ ಎಲೆಗೆ ಬಿದ್ದ ಹುಳದ ಫೋಟೋ ತೆಗೆದು ಔಷಧದ ಅಂಗಡಿಗೆ ಕಳಿಸುತ್ತಿದ್ದರು. ಸರ್ಕಾರದಿಂದ ತಮಿಳಿನಲ್ಲಿ ಮೆಸೇಜು ಬಂದರೆ ಅವಳಿಂದಲೇ ಓದಿಸಿಕೊಳ್ಳುತ್ತಿದ್ದರು. ಅವಳು ತಾಳಮಲೆಯಲ್ಲಿ ಹುಟ್ಟಿ ತಮಿಳು ಶಾಲೆಗೆ ಹೋದವಳು. ನನಗೆ ತಮಿಳು ಮಾತು ಬಂದೀತು, ಅಕ್ಷರ ಬಾರದು.

ನನ್ನ ಫೋನಿನ ಗುಣಗಳನ್ನು ನಾನು ಮುಚ್ಚಿಡುವವಳಲ್ಲ. ಅದು ಎಂದೂ ತಡವರಿಸಲಿಲ್ಲ. ಸೀರೆಯ ಜಾಹೀರಾತು ಹಾರಿ ಬರಲಿಲ್ಲ. ರವಿಕೆಯ ನಮೂನೆ ತೆಗೆದರೆ ದಾರದ ಎಳೆ ಎಣಿಸಬಹುದು, ಅಷ್ಟು ಸ್ಪಷ್ಟ. ಆದರೆ ಅದರ ಚಾರ್ಜರಿನ ಮೂತಿ ಊರಿನಲ್ಲಿ ಯಾರ ಚಾರ್ಜರಿಗೂ ಹೊಂದುತ್ತಿರಲಿಲ್ಲ. ಒಂದು ಸಲ ವಯರನ್ನು ಇಲಿ ಕಡಿದು, ತಮ್ಮ ಬಸ್ಸಿನಲ್ಲಿ ಹೊಸದು ಕಳಿಸುವ ತನಕ ಫೋನು ಸತ್ತು ಮಲಗಿತ್ತು. ಅಕ್ಕನದಕ್ಕೆ ಯಾವ ಮನೆಯ ವಯರಾದರೂ ನಡೆಯುತ್ತಿತ್ತು. ನನ್ನ ಫೋನಿನ ಫೋಟೋ ಚೆಂದ ಎಂದು ಹೊಗಳುವವರು ಕೂಡ, ನನ್ನ ಮುಖವನ್ನೊಮ್ಮೆ ಫೋನನ್ನೊಮ್ಮೆ ನೋಡಿ, ಗೂಡಿನ ಕಡೆಗೇ ಕೈಚಾಚುತ್ತಿದ್ದರು. ಕೊಡಲ್ಲ ಅಂತ ನಾನು ಯಾರಿಗೂ ಹೇಳಿದ್ದಿಲ್ಲ. ಕೇಳಿದವರೇ ಇಲ್ಲ.

ಆನೆಯ ವಿಷಯದಲ್ಲಂತೂ ಹೊಟ್ಟೆ ಉರಿದುಹೋಯಿತು. ನಮ್ಮ ಕಡೆಯ ಕಾಲೇಜು ಓದಿದವರು ಸೇರಿ ಒಂದು ಕಾವಲಿನ ಆ್ಯಪ್ ಮಾಡಿದರು. ಕಾಡಿನಂಚಿನ ಹೊಲದವರು ಆನೆ ಕಂಡರೆ ಒಂದು ಗುಂಡಿ ಒತ್ತಿದರೆ ಸಾಕು, ಉಳಿದವರ ಫೋನೆಲ್ಲ ಕೂಗುತ್ತದೆ. ಅದು ಕೈಯಿಂದ ಕೈಗೆ ಕಳಿಸಿಕೊಳ್ಳುವ ಫೈಲು. ಬಯಲು ಫೋನುಗಳಿಗೆ ಸಲೀಸಾಗಿ ಇಳಿಯಿತು. ನನ್ನ ಫೋನಿನ ಗೇಟು ದಾಟಲಿಲ್ಲ. ಗೇಟಿನವರಿಂದ ಒಪ್ಪಿಗೆ ತರಲು ಖರ್ಚು, ತಿರುಗಾಟ, ಅದನ್ನು ಯಾರು ಮಾಡುತ್ತಾರೆ? ಹೊತ್ತು ಇಳಿಯುವಾಗ ಗೂಡಿನಲ್ಲಿದ್ದ ಆ ಒಡಕು ಫೋನು ಕೂಗಿಕೊಳ್ಳುತ್ತಿತ್ತು. ಅಕ್ಕ ನನ್ನ ಬಾಗಿಲಿಗೆ ಬಂದು, "ಅಮ್ಮೀ, ಕೆರೆ ಏರಿ ಮ್ಯಾಲ ಆನೆ ಅವಂತೆ, ಬಾಳೆ ತ್ವಾಟದ ಕಡೆ ಓಗಬ್ಯಾಡ ಅಂತ ನಿನ್ನ ಗಂಡನ್ಗ ಯೋಳು" ಅನ್ನುತ್ತಿದ್ದಳು. ಒಳ್ಳೆಯ ಮಾತೇ. ಆದರೆ ನನ್ನ ಗಂಡನಿಗೆ ನಾನು ಏನು ಹೇಳಬೇಕು ಎಂಬುದೂ ಅವಳ ಗೂಡಿನಿಂದಲೇ ಬರಬೇಕಾಯಿತಲ್ಲ ಎಂದು ನನಗೆ ಅವಮಾನವಾಗುತ್ತಿತ್ತು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ, ನನ್ನ ಮಗಳು. ಅಕ್ಕನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಮದುವೆಯಾಗಿದೆ, ತರಕಾರಿ ಗಾಡಿ ಇಟ್ಟುಕೊಂಡು ಸತ್ಯಮಂಗಲಕ್ಕೆ ಓಡಾಡುತ್ತಾರೆ. ನನಗಿರುವುದು ಒಬ್ಬಳೇ ಮಗಳು. ಇಬ್ಬರು ಮಕ್ಕಳಿದ್ದೂ ನನಗಿದ್ದ ಒಬ್ಬಳ ಮೇಲೂ ಅವಳಿಗೆ ಹಕ್ಕು ಬೇಕಿತ್ತು. ಮಗಳು ಕೊಯಮತ್ತೂರಿಗೆ ನರ್ಸಿಂಗ್ ಓದಲು ಹೋದ ಮೇಲೆ, ನನ್ನ ಜೊತೆ ಮುಖ ನೋಡಿಕೊಂಡು ಮಾತಾಡಲಿ ಎಂದೇ ನಾನು ಆ ಗಾಜಿನ ಫೋನನ್ನು ಒರೆಸಿ ಒರೆಸಿ ಇಟ್ಟುಕೊಂಡಿದ್ದೆ. ಅವಳು ನನಗೆ ಕರೆ ಮಾಡುತ್ತಿದ್ದಳು. ಊಟ ಆಯಿತು, ಹಾಸ್ಟೆಲಲ್ಲಿ ನೀರು ಬರುತ್ತಿದೆ, ಪರೀಕ್ಷೆ ಚೆನ್ನಾಗಾಯಿತು. ಅಷ್ಟು ಹೇಳಿ ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಗೂಡಿನ ಫೋನು ರಿಂಗಾಗುತ್ತಿತ್ತು. ಅಕ್ಕನ ಕೈಯಲ್ಲಿ ಸದಾ ಕೆಲಸ, ಆದ್ದರಿಂದ ಸ್ಪೀಕರ್ ಹಾಕಿ ಗೂಡಿನಲ್ಲೇ ಬಿಟ್ಟು ಮಾತಾಡುತ್ತಿದ್ದಳು. ಗುಟ್ಟು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಹೊಲಿಗೆ ಮಿಷನ್ನಿನ ಪೆಡಲು ನಿಲ್ಲಿಸಿ ಕೇಳುತ್ತಿದ್ದೆ. ಮೊದಲ ಸಲ ಹೆಣ ನೋಡಿ ಹೆದರಿದ್ದು, ವಾರ್ಡಿನಲ್ಲಿ ಮುದುಕಿಯೊಬ್ಬಳು ಇವಳ ಕೈ ಬಿಡದೆ ಮಲಗಿದ್ದು, ಊರಿನ ಸೊಪ್ಪಿನ ಸಾರು ನೆನೆದು ಅತ್ತದ್ದು, ಎಲ್ಲ ನನಗೆ ತಿಳಿದದ್ದು ಗೋಡೆಯ ಈಚೆಗೆ ಕೂತು. ಹೆತ್ತವಳು ನಾನು.

"ನಿನ್ನ ಮಗಳು ನನ್ಗ ಯಾಕ ಮಾಡ್ತಾಳೆ ಗೊತ್ತಾ?" ಒಂದು ದಿನ ಅಕ್ಕನೇ ನಗುತ್ತಾ ಹೇಳಿದಳು. "ನೀನು ಫೋನ್ ಎತ್ತಿದ್ ಕೂಡ್ಲೇ ಲೆಕ್ಕದ ಮೇಷ್ಟ್ರಂಗೆ ಕೇಳ್ತೀಯ. ನಾನು ಊಂ ಅಂತ ಕೂತ್ಕಂತೀನಿ, ಅಷ್ಟೇ."

ನಾನು ನಗಲಿಲ್ಲ.

ಫೋನಿಗೆ ಮದುವೆಯ ಕರೆಯೋಲೆ ಬರುವ ಕಾಲ ಬಂದಾಗ, ಈಗಲಾದರೂ ಪದ್ಧತಿಯ ಬಾಲ ತುಂಡಾಯಿತು ಎಂದುಕೊಂಡೆ. ಚಾಪೆ ಹಾಸುವಂತಿಲ್ಲ, ನೀರು ಕೊಡುವಂತಿಲ್ಲ, ಅವರವರ ಫೋನಿಗೆ ಅವರವರ ಕರೆ. ಅಕ್ಕ ಅದಕ್ಕೂ ದಾರಿ ಮಾಡಿಕೊಂಡಳು. ಕರೆಯೋಲೆ ಬಂದರೆ ಫೋನನ್ನೇ ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಎರಡು ವೀಳ್ಯದೆಲೆ ಇಟ್ಟು, ಅದರ ಬೆನ್ನಿಗೆ ವಿಭೂತಿ ಹಚ್ಚಿ, ದೇವರ ಮುಂದೆ ಕೈಮುಗಿದು ಆಮೇಲೆ ಒತ್ತುತ್ತಿದ್ದಳು. ಆ ಫೋನಿನ ಬೆನ್ನ ಮೇಲೆ ವಿಭೂತಿಯ ಗೆರೆ ಇಲ್ಲದ ದಿನವಿರಲಿಲ್ಲ. ನಾನು ನನ್ನ ತವರಿನವರಿಗೆಲ್ಲ ಇದನ್ನು ಹೇಳಿ ನಗಿಸಿದ್ದೇನೆ.

ಹಾಗೆ ಒಂದು ಬೆಳಿಗ್ಗೆ ಗುಮಟಾಪುರದ ನೆಂಟರ ನಂಬರಿನಿಂದ ನಮ್ಮಿಬ್ಬರಿಗೂ 'ಮದುವೆಯ ಕರೆಯೋಲೆ' ಎಂದು ಒಂದು ಫೈಲು ಬಂತು. ನಾನು ಒತ್ತಿದೆ. ಬಿಳಿ ಹಾಳೆಯ ಗುರುತೊಂದು ಕಂಡಿತು, ಅಷ್ಟೇ, ಮುಂದಕ್ಕೆ ಹೋಗಲಿಲ್ಲ. ಎಷ್ಟು ಒತ್ತಿದರೂ ನನ್ನ ಫೋನು ತೆರೆಯಲೊಲ್ಲದು. ಬಾಗಿಲಿಂದಾಚೆ ನೋಡಿದರೆ ಅಕ್ಕ ತಟ್ಟೆ ತೊಳೆಯುತ್ತಿದ್ದಾಳೆ, ವೀಳ್ಯದೆಲೆ ಒರೆಸುತ್ತಿದ್ದಾಳೆ. ಅವಳಿಗೆ ತೆರೆಯುವ ಕರೆ, ನನಗೆ ಖಾಲಿ ಹಾಳೆ. ಆ ನೆಂಟರು ಹಿಂದೆಯೂ ಹೀಗೇ, ಅಕ್ಕನಿಗೆ ಸೀರೆ ಕೊಟ್ಟು ನನಗೆ ಬರೀ ರವಿಕೆಯ ಕಣ ಕೊಟ್ಟವರು. ಮುಖ ಸಿಂಡರಿಸಿಕೊಂಡು ನಾನೂ ಹೋಗಿ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತೆ.

ಅಕ್ಕ ಕೈಮುಗಿದು ಒತ್ತಿದಳು. ಫೋನು ಏನನ್ನೋ ಕೇಳಿತು. ಒಪ್ಪಿಗೆ ಒತ್ತಿದಳು. ಮತ್ತೆ ಕೇಳಿತು. ಮತ್ತೆ ಒತ್ತಿದಳು.

"ಏನ್ ಕೇಳ್ತದ ಅಂತ ಓದಕ್ಕ," ಅಂದೆ.

"ಒಳಕ್ಕ ಬರ್ಲಾ ಅಂತ ಕೇಳ್ತದ. ಕರೆಯೋಕ ಬಂದವ್ರ ಮುಂದ ಬಾಗ್ಲು ಆಕ್ಕಳಾಕಾದದಾ?"

ಒಳಗೆ ಬಂದದ್ದು ಏನೂ ಕಾಣಲಿಲ್ಲ. ಹೆಸರಿಲ್ಲ, ಮುಹೂರ್ತವಿಲ್ಲ. ನೆಟ್ವರ್ಕ್ ಇಲ್ಲವೇನೋ ಎಂದು ಅವಳು ಫೋನನ್ನು ಕಣ್ಣಿಗೊತ್ತಿಕೊಂಡು ಗೂಡಿಗೆ ಮರಳಿಸಿದಳು. ಅವಳಿಗೂ ತೆರೆಯಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ನಾಲ್ಕು ರವಿಕೆಗೆ ಕೊಕ್ಕೆ ಹೊಲಿದೆ.

ಮಧ್ಯಾಹ್ನ ಎದುರು ಮನೆಯ ಅತ್ತೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನಮ್ಮೀ, ಇರೋ ಒಬ್ಳು ಮಗಳ ಮದ್ವೇನ ಇಂಗ್ ಕದ್ದು ಮಾಡ್ತಿದ್ದೀಯಲ್ಲ? ಎದುರ್ಗೇ ಇವ್ನಿ, ಒಂದ್ ಮಾತು ಬ್ಯಾಡ್ವಾ?"

ನನಗೆ ತಲೆಬುಡ ತಿಳಿಯಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಬಂದರು. ತಾಳವಾಡಿಯಿಂದ ಬಟ್ಟೆಯಂಗಡಿಯವನ ಕರೆ ಬಂತು, ಮದುವೆಯ ಬಟ್ಟೆ ಬೇರೆ ಕಡೆ ತೆಗೆದಿರಾ ಎಂದು. ಆಗ ಗೊತ್ತಾಯಿತು. ಅಕ್ಕನ ಫೋನಿನೊಳಗೆ ಹೊಕ್ಕ ಆ ಫೈಲು, ಅವಳ ಫೋನಿನಲ್ಲಿದ್ದ ಎಲ್ಲ ನಂಬರಿಗೂ ತನ್ನಷ್ಟಕ್ಕೆ ತಾನೇ ಹೋಗಿಬಿಟ್ಟಿತ್ತು. ಮಲೆಯ ಮೇಲಿನ ಅರ್ಧ ಜನಕ್ಕೆ ಅಕ್ಕನಿಂದ ಮದುವೆಯ ಕರೆಯೋಲೆ. ತೆರೆದರೆ ಹೆಸರಿಲ್ಲ. ಹೆಸರಿಲ್ಲದಿದ್ದರೇನು, ಆ ಮನೆಯಲ್ಲಿ ಮದುವೆಗೆ ಇರುವವಳು ಒಬ್ಬಳೇ ಎಂದು ಜನವೇ ಹೆಸರು ತುಂಬಿಕೊಂಡಿತ್ತು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಹೆದರಿಕೆಯಾಗಲಿಲ್ಲ, ಉರಿ ಹತ್ತಿತು. ನನ್ನ ಮಗಳ ಮದುವೆಯ ಕರೆ, ಅದು ಸುಳ್ಳೇ ಆಗಿರಲಿ, ಅವಳ ಫೋನಿನಿಂದ ಹೋಗಬೇಕೇ? ಕರೆಯುವ ಬಾಯಿಯೂ ಅವಳದೇ ಆಗಬೇಕೇ? ಜನವಾದರೂ ನೋಡಿ, ನನ್ನಿಂದ ಒಂದು ಮಾತು ಬಾರದೆ ಮದುವೆ ಹೇಗೆ ಎಂದು ಒಬ್ಬರೂ ಅನುಮಾನಪಡಲಿಲ್ಲ. ಅಕ್ಕ ಕಳಿಸಿದ್ದಾಳೆ ಅಂದಮೇಲೆ ಸರಿ ಎಂದು ಒತ್ತಿದರಂತೆ.

ತಮ್ಮನಿಗೆ ಕರೆ ಮಾಡಿದೆ. ಅವನು ಅಲ್ಲಿಂದಲೇ ಕೂಗಾಡಿದ. "ಯಾರೂ ಮುಟ್ಬ್ಯಾಡಿ ಅಂತ ಯೋಳಕ್ಕ! ಅದು ಪತ್ರಿಕೆಯಲ್ಲ, ಕಳ್ಳ ಆ್ಯಪು. ಬ್ಯಾಂಕಿಗೆ ಮೊದ್ಲು ಯೋಳಿ, ಫೋನ್ ಆಫ್ ಮಾಡಿ. ನಾನು ಬತ್ತೀನಿ." ಬ್ಯಾಂಕಿಗೆ ಹೇಳಿದೆವು. ಫೋನ್ ಆಫ್ ಮಾಡಲು ಅಕ್ಕ ಒಪ್ಪಲಿಲ್ಲ. ಕರೆ ಮಾಡಿದವರಿಗೆಲ್ಲ ಸುಳ್ಳು ಅಂತ ಹೇಳಬೇಡವೇ ಎಂದು ಜಗಲಿಯಲ್ಲಿ ಕೂತು ಒಬ್ಬೊಬ್ಬರಿಗೂ ಹೇಳಿದಳು. "ನಾನೇ ಕಣಪ್ಪ ಒತ್ಬುಟ್ಟಿದ್ದು. ನಿನ್ಗೂ ಅಂಟಿಸ್ಬುಟ್ಟೆ. ಮುಟ್ಬ್ಯಾಡ." ಒಬ್ಬರಾದರೂ ಅವಳನ್ನು ಬೈಯಲಿ ಎಂದು ನಾನು ಕಾದೆ. ಎದುರು ಮನೆಯ ಅತ್ತೆ ಅವಳಿಗೆ ಕಾಫಿ ಮಾಡಿಕೊಂಡು ಬಂದಳು.

ಹೊತ್ತು ಇಳಿದಾಗ ಗೂಡಿನ ಫೋನು ಮತ್ತೆ ರಿಂಗಾಯಿತು. ಅಕ್ಕ ಎಂದಿನಂತೆ ಸ್ಪೀಕರ್ ಹಾಕಿದಳು.

"ದೊಡ್ಡವ್ವಾ." ನನ್ನ ಮಗಳ ದನಿ. ಅಳುತ್ತಿದ್ದಳು. "ಅವ್ವ ನನ್ಗ ಮದ್ವೆ ಗೊತ್ತು ಮಾಡಿದ್ದಾಳಾ? ನನ್ಗ ಒಂದ್ ಮಾತು ಕೇಳ್ಲಿಲ್ಲ. ಇನ್ನೊಂದ್ ವರ್ಷ ಅದ ಕಣವ್ವ ಓದು. ಬುಟ್ಟು ಬರ್ಬೇಕಾ ನಾನು?"

ಇಲ್ಲಿ ಒಂದು ಸಂಗತಿ ಹೇಳಬೇಕು. ಕರೆಯೋಲೆ ಸುಳ್ಳಾಗಿತ್ತು, ಗಂಡು ಪೂರ್ತಿ ಸುಳ್ಳಾಗಿರಲಿಲ್ಲ. ಚಾಮರಾಜನಗರದಲ್ಲಿ ತಮ್ಮನಿಗೆ ಗೊತ್ತಿರುವ ಒಂದು ಮನೆತನ, ಹುಡುಗ ಒಳ್ಳೆಯವನು, ಅವರಿಗೆ ಅವಸರ. ಮುಂದಿನ ತಿಂಗಳು ಬಂದು ನೋಡಲಿ ಎಂದು ನಾನು ಅರ್ಧ ಮಾತು ಕೊಟ್ಟಿದ್ದೆ. ಅವಳಿಗೆ ಹೇಳಿರಲಿಲ್ಲ. ಯಾವ ತಾಯಿ ನಾಲ್ಕು ಕಡೆ ನೋಡುವುದಿಲ್ಲ? ನನ್ನ ಫೋನಿನಲ್ಲಿ ಚಾರ್ಜ್ ಇಲ್ಲದ ದಿನ ತಮ್ಮ ಈ ವಿಷಯಕ್ಕೇ ಗೂಡಿನ ಫೋನಿಗೆ ಕರೆ ಮಾಡಿದ್ದ. ಹಾಗಾಗಿ ಅಕ್ಕನಿಗೂ ಗೊತ್ತಿತ್ತು. ಅವಳು ಆವರೆಗೆ ಅದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ಅವಳು ಬೆಳ್ಳುಳ್ಳಿ ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಬಾಗಿಲಲ್ಲಿ ಹೊಲಿಗೆಯ ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಅವಳು ಬಾಯಿ ಬಿಟ್ಟರೆ ನನ್ನ ಮಗಳು ಇನ್ನೆಂದೂ ನನಗೆ ಊಟ ಆಯಿತು ಎಂದೂ ಹೇಳುವುದಿಲ್ಲ, ಅದು ನನಗೆ ಗೊತ್ತಿತ್ತು.

"ಅದು ಕಳ್ಳ ಪತ್ರಿಕೆ ಕಣವ್ವ," ಅಂದಳು ಅಕ್ಕ. "ನಾನ್ ಒತ್ತಿ ಊರ್ಗೆಲ್ಲ ಓಗ್ಬುಟ್ಟದ. ಅಳಬ್ಯಾಡ ಪೆದ್ದಿ. ನಿಮ್ಮವ್ವ ನಿನ್ನ ಕೇಳ್ದೆ ಏನೂ ಮಾಡಲ್ಲ. ನಾನು ಯೋಳ್ತಿವ್ನಿ. ನೀನು ಓದು ಮುಗಿಸ್ಕಂಡು, ಕೆಲ್ಸ ನೋಡ್ಕಂಡು, ಆಮ್ಯಾಲ ಯಾವಾಗ ಅಂತೀಯೋ ಆವಾಗ."

"ನಿಜ್ವಾಗ್ಲೂ?"

"ನನ್ನೇನ್ ಕೇಳೀಯ? ಇಗೋ ಇಲ್ಲೇ ನಿಂತವ್ಳೆ, ಅವ್ಳನ್ನೇ ಕೇಳು."

ಫೋನನ್ನು ಗೂಡಿನಿಂದ ತೆಗೆದು ನನ್ನ ಮುಖದ ಹತ್ತಿರ ಹಿಡಿದಳು. ಬೆಳ್ಳುಳ್ಳಿಯ ವಾಸನೆ, ವಿಭೂತಿಯ ಪುಡಿ. ಅವಳ ಕಣ್ಣಿನಲ್ಲಿ ಹೆದರಿಸುವುದೇನೂ ಇರಲಿಲ್ಲ. ಹೆದರಿಸಿದ್ದರೆ ಜಗಳವಾಡಬಹುದಿತ್ತು.

"ಊಂ ಕಣ ಮಗ," ಅಂದೆ. "ದೊಡ್ಡವ್ವ ಯೋಳ್ದಂಗೇ."

ಮಾರನೆಯ ದಿನ ಗಂಡಿನ ಮನೆಯವರಿಗೆ ಬೇಡ ಅಂದೆ. ಅಕ್ಕ ಆ ವಿಷಯವನ್ನು ಮತ್ತೆ ಎಂದೂ ಎತ್ತಲಿಲ್ಲ, ಮಾತಿನ ನಡುವೆ ಕೂಡ. ನನ್ನ ಮಗಳ ಕಣ್ಣಿನಲ್ಲಿ ನಾನು ಒಳ್ಳೆಯ ತಾಯಾಗಿ ಉಳಿದೆ. ಉಳಿಸಿದವಳು ಅವಳು. ಹೊಟ್ಟೆಕಿಚ್ಚಿನವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ನೋಡಿ.

ತಮ್ಮ ಬಂದು ಅವಳ ಫೋನಿನ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಅಳಿಸಿ ತೊಳೆದ. ದುಡ್ಡಿಗೇನೂ ಆಗಿರಲಿಲ್ಲ. ಫೋಟೋಗಳು ಹೋದವು. ಸುದ್ದಿ ತಿಳಿದು ಬಂದ ಊರಿನವರ ಫೋನನ್ನೂ ಜಗಲಿಯಲ್ಲಿ ಕೂತು ಶುದ್ಧ ಮಾಡಿದ. ಎಲ್ಲ ಮುಗಿದ ಮೇಲೆ ಅವಳಿಗೆ ಬುದ್ಧಿ ಹೇಳಿದ. "ನೋಡಿ, ಇದು ನಮ್ಮಕ್ಕನ ಫೋನಿಗೂ ಬಂದಿತ್ತು, ಏನೂ ಆಗ್ಲಿಲ್ಲ. ಗೇಟ್ ಇರೋದು ಅದ್ಕೇ. ನೀವೂ ಇಂಥದ್ದೇ ತಗಳಿ. ಹಳೇದು ಕಮ್ಮಿ ಬೆಲೆಗೆ ಕೊಡುಸ್ತೀನಿ. ಕೆಲವು ದಿನ ಅಕ್ಕನ ಫೋನೇ ಇಟ್ಕಂಡು ನೋಡಿ ಬೇಕಾದ್ರ."

ನನ್ನ ಜೀವನದಲ್ಲಿ ಅಂಥ ಸಿಹಿ ಮಾತು ಕೇಳಿರಲಿಲ್ಲ. ಬೀಗದ ಅಂಕಿ ಹೇಳಿಕೊಟ್ಟು ಫೋನನ್ನು ಅವಳ ಕೈಗಿಟ್ಟೆ. ಅವಳು ಪ್ರಾಮಾಣಿಕವಾಗಿಯೇ ಪ್ರಯತ್ನಪಟ್ಟಳು. ಗಾಜು ಒರೆಸಿದಳು, ಬೆರಳು ತೊಳೆದುಕೊಂಡು ಮುಟ್ಟಿದಳು. ಆದರೆ ಗೂಡಿನಲ್ಲಿಟ್ಟ ಕೂಡಲೇ ಅದು ಬೀಗ ಹಾಕಿಕೊಳ್ಳುತ್ತಿತ್ತು. ಬಂದವರೆಲ್ಲ ಅಂಕಿ ಕೇಳಬೇಕು. ಬೆರಳು ಒಪ್ಪಿಸೋಣವೆಂದರೆ ಆ ಫೋನೂ ರೇಷನ್ ಅಂಗಡಿಯ ಮಿಷನ್ನಿನಂತೆ ಅವಳ ಹೆಬ್ಬೆರಳನ್ನು ಒಲ್ಲೆ ಅಂದಿತು. ಆನೆಯ ಕೂಗು ಇಲ್ಲ. ಎದುರು ಮನೆಯ ಸೊಸೆ ಎರಡು ದಿನ ಗೂಡಿನ ಹತ್ತಿರ ಬಂದು ಹಾಗೇ ವಾಪಸು ಹೋದಳು.

"ಚೆಂದಾಗದ ಕಣಮ್ಮಿ," ಎಂದು ಅಕ್ಕ ಫೋನನ್ನು ಮರಳಿ ಕೊಟ್ಟಳು. "ಕಳ್ಳ ಬರಾದಿಲ್ಲ, ಅದು ದಿಟವೇ. ಆದ್ರ ಇದರೊಳಕ್ಕ ಓಗಾಕ ನಾನೇ ಯಾರ್ನೋ ಕೇಳ್ಬೇಕು. ನನ್ಗ ಅದೇ ಇರ್ಲಿ. ಎಚ್ಚರ ಇದ್ರ ಆಯ್ತು."

ಎಚ್ಚರಕ್ಕೆ ಅವಳು ಕಂಡುಕೊಂಡ ದಾರಿ ಇದು. ಯಾವ ಕರೆಯೋಲೆ ಬಂದರೂ ಅದನ್ನು ಮೊದಲು ನನ್ನ ಫೋನಿಗೆ ಕಳಿಸುತ್ತಿದ್ದಳು. "ನಿಂದು ತೆರೀತದಾ ನೋಡು. ತೆರೀನಿಲ್ಲ ಅಂದ್ರ ನಾನೂ ತೆರಿಯಲ್ಲ." ನನ್ನ ಫೋನು ತೆರೆದ ಮೇಲೆ ಅವಳದು ದೇವರ ಮುಂದಕ್ಕೆ ಹೋಗುತ್ತಿತ್ತು. ನಿಜ ಹೇಳುತ್ತೇನೆ, ದಿನಬಳಕೆಗೆ ಯಾವುದು ಮೇಲು ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಜಗಲಿಯನ್ನೇ ತೋರಿಸುತ್ತೇನೆ, ಅಲ್ಲಿ ಎರಡೂ ಬೇಕಾಗಿದ್ದವು. ಹೀಗೆ ಎರಡು ಮನೆಯ ಕರೆಯೋಲೆಗಳನ್ನೂ ಮೊದಲು ತೆರೆಯುವ ಯೋಗ ಕಡೆಗೂ ನನಗೆ ಬಂತು. ಬಂದರೂ ಸುಖವಾಗಲಿಲ್ಲ. ಅದನ್ನೂ ಅವಳೇ ಕೊಟ್ಟಿದ್ದಳಲ್ಲ.

ಮಗಳು ಓದು ಮುಗಿಸಿದಳು. ಕೊಯಮತ್ತೂರಿನಲ್ಲೇ ಆಸ್ಪತ್ರೆಯ ಕೆಲಸಕ್ಕೆ ಸೇರಿದಳು. ಮೊದಲ ದಿನ ಬಿಳಿ ಉಡುಪಿನಲ್ಲಿ ತೆಗೆದ ಫೋಟೋ ನನ್ನ ಫೋನಿಗೆ ಬಂತು, ಬಹಳ ಸ್ಪಷ್ಟವಾಗಿ. ಅಕ್ಕನ ಒಡಕು ಗಾಜಿನಲ್ಲಿ ಅದೇ ಫೋಟೋದ ಮುಖದ ಮೇಲೊಂದು ಬಿರುಕು. ಅವಳು ಅದನ್ನು ಊರಿಗೆಲ್ಲ ತೋರಿಸಿದಳು.

ಹೋದ ವರ್ಷ ಕಾರ್ತಿಕದಲ್ಲಿ ಅಕ್ಕ ಹೋದಳು. ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎಂದು ಜಗಲಿಯಲ್ಲಿ ಕೂತಳು. ನಾನು ನೀರು ತರುವುದರೊಳಗೆ ಗೋಡೆಗೆ ಒರಗಿದ್ದಳು. ಮಡಿಲಿನಲ್ಲಿ ಬಿಡಿಸಿದ ಬೆಳ್ಳುಳ್ಳಿ, ಬಿಡಿಸದ ಬೆಳ್ಳುಳ್ಳಿ ಎರಡೂ ಇದ್ದವು. ಮಗಳು ಆ ಸಂಜೆಯೇ ದಿಂಬಂ ಘಾಟಿ ಹತ್ತಿ ಬಂದು, ನನ್ನನ್ನು ದಾಟಿಕೊಂಡು ಹೋಗಿ ಅವಳ ಕಾಲು ಹಿಡಿದು ಕೂತಳು. ಸಾವಿನ ಮನೆಯಲ್ಲೂ ನನ್ನ ಎದೆಯಲ್ಲಿ ಅದು ಚುಚ್ಚಿತು. ಚುಚ್ಚಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನೂ ಅತ್ತೆ. ನನ್ನ ಅಳುವಿನಲ್ಲಿ ಎಷ್ಟು ಯಾವುದಕ್ಕೆ ಎಂದು ಈಗಲೂ ಹೇಳಲಾರೆ.

ಆಮೇಲೆ ಅವಳ ಹಿರೀ ಮಗ ಫೋನಿನ ಸಿಮ್ ತೆಗೆದುಬಿಡುತ್ತೇನೆ ಅಂದ. "ಇರ್ಲಿ ಬುಡು," ಅಂದೆ. ಯಾಕೆ ಅಂದೆನೋ. ಆನೆಯ ಕೂಗಿಗೆ ಬೇಕಲ್ಲ ಎಂದು ಸೇರಿಸಿದೆ. ಗೂಡಿನಲ್ಲಿ ಅದು ಹಾಗೇ ಇದೆ, ಬೀಗವಿಲ್ಲದೆ. ಎದುರು ಮನೆಯ ಸೊಸೆ ಈಗಲೂ ತವರಿಗೆ ಅದರಿಂದಲೇ ಮಾತಾಡುತ್ತಾಳೆ. ಚಾರ್ಜು ಹಾಕುವುದು ನನ್ನ ಕೆಲಸ. ಬೆನ್ನ ಮೇಲಿನ ವಿಭೂತಿ ಮಾಸಿದರೆ ಹಚ್ಚುವುದೂ ನಾನೇ. ಒಡಕು ಗಾಜಿಗೆ ಬೆರಳು ತಗಲಿ ಸಣ್ಣಗೆ ಕೊಯ್ದುಕೊಂಡಾಗಲೆಲ್ಲ ಅವಳನ್ನು ಬೈದುಕೊಳ್ಳುತ್ತೇನೆ.

ಮಗಳು ನನ್ನ ಫೋನಿಗೆ ಮುಖ ತೋರಿಸಿ ಮಾತಾಡುತ್ತಾಳೆ. ಊಟ ಆಯಿತು, ಡ್ಯೂಟಿ ಮುಗಿಯಿತು. ಇಡುತ್ತಾಳೆ. ಸ್ವಲ್ಪ ಹೊತ್ತಿಗೆ ಗೂಡಿನ ಫೋನು ರಿಂಗಾಗುತ್ತದೆ. ಮೊದಲ ಸಲ ಎತ್ತಿದಾಗ ಮಗಳದೇ ದನಿ. ಅಭ್ಯಾಸದಿಂದ ಒತ್ತಿಬಿಟ್ಟಳೇನೋ, ಪಾಪ, ಎಂದುಕೊಂಡೆ. ಮಾರನೆಯ ದಿನವೂ ಬಂತು. ಆಮೇಲೂ ಬಂತು. ಅಕ್ಕ ಸತ್ತ ಮೇಲೂ ನನ್ನ ಮಗಳ ಕರೆ ಅವಳ ನಂಬರಿಗೇ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಯಾಕಮ್ಮೀ, ನನ್ನ ಫೋನ್ ಇಲ್ವಾ? ಈಗ ತಾನೇ ಅದರಲ್ಲಿ ಮಾತಾಡ್ದೆ. ಎತ್ತೋಳು ಇಲ್ಲೂ ನಾನೇ ಅಲ್ವಾ?"

ಆ ಕಡೆ ಆಸ್ಪತ್ರೆಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಕೇಳಿಸಿತು.

"ನಿನ್ ಫೋನ್ಗ ಮಾಡುದ್ರ ನೀನು ಕೇಳ್ತೀಯ ಕಣವ್ವ," ಅಂದಳು. "ಇದಕ್ಕ ಮಾಡುದ್ರ ಊಂ ಅಂತೀಯ."

ನನ್ನ ಮಡಿಲು ನೋಡಿಕೊಂಡೆ. ಅರ್ಧ ಬಿಡಿಸಿದ ಬೆಳ್ಳುಳ್ಳಿ ಇತ್ತು. ಯಾವಾಗ ತಂದು ಕೂತೆನೋ ತಿಳಿಯದು. ಒಳಗೆ ಮಂಚದ ಮೇಲೆ ನನ್ನ ದುಬಾರಿ ಫೋನು ತಾನಾಗಿಯೇ ಬೀಗ ಹಾಕಿಕೊಂಡು ಮಲಗಿತ್ತು. ಅಕ್ಕನ ಮೇಲೆ ಬಂದ ಸಿಟ್ಟಿಗೆ ಕಣ್ಣು ತುಂಬಿತು. ಸ್ಪೀಕರ್ ಒತ್ತಿ, ಫೋನನ್ನು ಗೂಡಿನಲ್ಲಿಟ್ಟು, ಬೆಳ್ಳುಳ್ಳಿ ಕೈಗೆತ್ತಿಕೊಂಡೆ.

"ಊಂ," ಅಂದೆ.